ಕತ್ತಿಗೆ ಹತ್ತಿದ ತಾಮ್ರ, ಜೀಪಿಗೆ ಹತ್ತಿದ ತುಕ್ಕು

ಬೋರ್ಡೋ ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ನಮ್ಮ ಅಡಿಕೆ ತೋಟದವರು ಮಾಡುವ ಪರೀಕ್ಷೆ ಸರಳವಾದದ್ದು. ಮಸೆದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ನೋಡುತ್ತಾರೆ. ಅಲಗು ಕೆಂಪಗಾಗಿದ್ದರೆ ಸುಣ್ಣ ಸಾಲದು ಎಂದು ಲೆಕ್ಕ. ಆ ಕೆಂಪು ಬಣ್ಣ ತಾಮ್ರದ್ದು. ಮೈಲುತುತ್ತದಲ್ಲಿದ್ದ ತಾಮ್ರ ಹೊರಬಂದು ಅಲಗಿನ ಮೇಲೆ ಕೂತಿದೆ, ಅದರ ಬದಲಿಗೆ ಅಲಗಿನ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿದಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಪ್ರಮಾಣ ಮಲೆನಾಡಿನ ಮನೆಮನೆಗೂ ಗೊತ್ತು. ಕೊಳೆರೋಗಕ್ಕೆ ಮಳೆಗಾಲದ ಬಾಗಿಲಲ್ಲಿ ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಇನ್ನೊಂದು ಸಲ ಹೊಡೆಯುವುದೂ ಗೊತ್ತು.

ಗಮನಕ್ಕೆ ಬಾರದೆ ಉಳಿಯುವುದು, ಇದೇ ಪರೀಕ್ಷೆ ಪ್ರತಿ ವರ್ಷ ನಮ್ಮ ಜೀಪಿನ ಹಿಂಭಾಗದಲ್ಲೂ ನಡೆಯುತ್ತಿದೆ ಎಂಬುದು. ಮೈಲುತುತ್ತದ ಚೀಲ ತೋಟಕ್ಕೆ ಹೋಗುವುದು ಜೀಪಿನಲ್ಲೇ, ದ್ರಾವಣದ ಡ್ರಮ್ಮು ತುಳುಕುವುದೂ ಅಲ್ಲೇ. ಮೊದಲು ಮೈಲುತುತ್ತವೊಂದನ್ನೇ ಕರಗಿಸಿದ ನೀರು ಚೆಲ್ಲಿದರಂತೂ ಅದರಲ್ಲಿ ಸುಣ್ಣದ ರಕ್ಷಣೆಯೂ ಇರುವುದಿಲ್ಲ. ರಬ್ಬರ್ ಮ್ಯಾಟಿನ ಅಡಿಗೆ ಇಳಿದ ಆ ನೀರು ತಗಡಿನ ಮೇಲೆ ಕಾಣದಷ್ಟು ತೆಳುವಾಗಿ ತಾಮ್ರವನ್ನು ಬಿಟ್ಟು ಹೋಗುತ್ತದೆ. ಮುಂದೆ ಒದ್ದೆಯಾದಾಗಲೆಲ್ಲ ತಾಮ್ರದ ಆ ಕಣಗಳ ಸುತ್ತಲಿನ ಕಬ್ಬಿಣ ಬೇರೆ ಕಡೆಗಿಂತ ಬೇಗ ಕರಗುತ್ತದೆ. ಜೊತೆಗೆ ಪೊಟ್ಯಾಷ್ ಗೊಬ್ಬರದ ಚೀಲ ಸೋರಿದ್ದರೆ ಅದರಲ್ಲಿರುವ ಕ್ಲೋರೈಡು ಅಡುಗೆ ಉಪ್ಪಿನಷ್ಟೇ ಚೆನ್ನಾಗಿ ತುಕ್ಕನ್ನು ಬೆಳೆಸುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ರಿಪೇರಿಗೆ ಬರುವ ಹಳೆಯ ಜೀಪುಗಳ ಮ್ಯಾಟ್ ಎತ್ತಿ ನೋಡಿ. ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ನೆಲದ ತಗಡಿನಲ್ಲಿ ರಸ್ತೆ ಕಾಣುತ್ತಿರುತ್ತದೆ.

ನಮ್ಮಲ್ಲಿ ಹಳೆಯ ಜೀಪು ಓಡಿ ಸವೆಯುವುದಕ್ಕಿಂತ ನಿಂತು ಕೊಳೆಯುವುದೇ ಹೆಚ್ಚು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಿರುವ ಜಿಲ್ಲೆ ಇದು. ಇಲ್ಲಿ ಮನೆಯಂಗಳದಲ್ಲಿ ಮಾಡಬೇಕಾದ ಕೆಲಸದ ಮುಕ್ಕಾಲು ಪಾಲು ನೀರನ್ನು ಹೊರಗಿಡುವುದು, ಒಳಗೆ ಹೋದದ್ದನ್ನು ಹೊರತೆಗೆಯುವುದು. ಅದಕ್ಕೆ ದೊಡ್ಡ ವಿದ್ಯೆ ಬೇಡ. ಉಳಿದ ಕಾಲು ಭಾಗವನ್ನು ಲೇತಿನವರಿಗೆ, ವೆಲ್ಡರಿಗೆ ಬಿಡಬೇಕು. ಎಲ್ಲಿ ಕೈಹಾಕಬೇಕು, ಎಲ್ಲಿ ಕೈಬಿಡಬೇಕು ಎಂದು ತಿಳಿದವರ ಜೀಪು ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಹಳೆಯ ಜೀಪು ಎಂದರೆ ಯಾವುದು? 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ತೊಡಗಿದ ಮಹೀಂದ್ರ, ಮುಂದೆ ಎತ್ತರದ ಬಾನೆಟ್ಟಿನ ಸಿಜೆ 3ಬಿ ಮಾದರಿಯನ್ನು ದಶಕಗಟ್ಟಲೆ ತಯಾರಿಸಿತು. ಆ ಬಾನೆಟ್ಟು ಎತ್ತರವಾದದ್ದು ಒಳಗಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಎತ್ತರದಿಂದ. 1980ರ ದಶಕದಲ್ಲಿ ಬಂದ ಎಂಎಂ 540ರಲ್ಲಿ 2,112 ಸಿಸಿಯ ಪೂಜೋ ಡೀಸೆಲ್ ಎಂಜಿನ್ ಇತ್ತು. ಆಮೇಲೆ ಬಂದವು 2,523 ಸಿಸಿಯ ಡಿಐ ಎಂಜಿನ್ನಿನ ಗಾಡಿಗಳು. 1985ರಲ್ಲಿ 970 ಸಿಸಿ ಎಂಜಿನ್ನಿನೊಡನೆ ಬಂದ ಮಾರುತಿ ಜಿಪ್ಸಿಯನ್ನೂ ಈ ಸಾಲಿಗೆ ಸೇರಿಸುತ್ತೇನೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳನ್ನು ಕಂಡವರಿಗೆ ಈ ವಂಶದ ಗಟ್ಟಿತನದ ಬಗ್ಗೆ ಬೇರೆ ಹೇಳಬೇಕಿಲ್ಲ. ಇವೆಲ್ಲಕ್ಕೂ ಸಮಾನವಾದ ಒಂದು ಗುಣವಿದೆ. ಇವು ಏಣಿಯ ಆಕಾರದ ಚಾಸಿಸ್ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿದ ಗಾಡಿಗಳು. ಬಾಡಿ ಹೋದರೆ ಹೊಸದು ಕಟ್ಟಿಸಬಹುದು, ಚಾಸಿಸ್ ಹೋದರೆ ಗಾಡಿ ಹೋದಂತೆಯೇ.

ಹಾಗಾಗಿ ಮೊದಲ ಗಮನ ಚಾಸಿಸ್‌ಗೆ. ನಮ್ಮ ಕೆಮ್ಮಣ್ಣು ತುಕ್ಕಿನ ಬಣ್ಣದ್ದೇ ಆಗಿರುವುದರಿಂದ ಮಣ್ಣು ಎಲ್ಲಿ ಮುಗಿಯಿತು, ತುಕ್ಕು ಎಲ್ಲಿ ಶುರುವಾಯಿತು ಎಂದು ತೊಳೆಯುವತನಕ ತಿಳಿಯುವುದಿಲ್ಲ. ಮೇಲಿನ ಬಣ್ಣ ಹೊಳೆಯುವ ಹಾಗೆ ತೊಳೆದು ಅಡಿಭಾಗವನ್ನು ಮರೆಯುವುದೇ ರೂಢಿ. ನಾನು ಇದನ್ನು ತಿರುಗಿಸಿ ಎನ್ನುತ್ತೇನೆ. ಮಳೆಗಾಲದ ನಡುವೆ ಬಿಸಿಲು ಕಂಡ ದಿನ ಪೈಪಿನ ಮೂತಿಯನ್ನು ಚಾಸಿಸ್ ದಂಡದ ತೂತುಗಳ ಒಳಕ್ಕೇ ಹಿಡಿಯಬೇಕು, ಹೊರಬರುವ ನೀರು ತಿಳಿಯಾಗುವತನಕ ಬಿಡಬೇಕು. ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳ ತಳದಲ್ಲಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಚ್ಚಿ ಮುಚ್ಚಿದ್ದರೆ ದಂಡದೊಳಗೆ ವರ್ಷವಿಡೀ ಕೆಸರು ನಿಂತಿರುತ್ತದೆ, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಒಣಗಿದ ಮೇಲೆ ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣದ ಸದ್ದು ಕಣಕಣ ಎನ್ನುತ್ತದೆ, ಸಡಿಲಾದಲ್ಲಿ ಸದ್ದು ಸತ್ತಿರುತ್ತದೆ. ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿರುವ ಬ್ರಾಕೆಟ್ಟು, ಅಡ್ಡದಂಡ ಸೇರುವ ಮೂಲೆ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಈ ಮೂರರಲ್ಲಿ ಸದ್ದು ಸತ್ತಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ಹಳೆಯ ಎಂಜಿನ್ ಆಯಿಲನ್ನು ಅಡಿಭಾಗಕ್ಕೆ ಬಳಿಯುವುದು ನಮ್ಮ ಕಡೆ ಬಹಳ ಕಾಲದಿಂದ ನಡೆದುಬಂದ ಪದ್ಧತಿ. ಅದರಿಂದ ತುಕ್ಕು ತಡವಾಗುವುದು ನಿಜ. ಆದರೆ ಆಯಿಲ್ ತಾಗಿದ ರಬ್ಬರ್ ಬುಷ್ಷುಗಳು ಉಬ್ಬಿ ಮೆತ್ತಗಾಗುತ್ತವೆ, ಬ್ರೇಕ್ ಹೋಸುಗಳ ಆಯುಸ್ಸೂ ಕಡಿಮೆಯಾಗುತ್ತದೆ. ಮೊದಲ ಮಳೆಗೆ ತೊಳೆದುಹೋಗುವ ಆ ಕಪ್ಪು ಎಣ್ಣೆ ಸೇರುವುದು ತೋಟದ ಹಳ್ಳಕ್ಕೆ, ಅಲ್ಲಿಂದ ತುಂಗೆಗೋ ಭದ್ರೆಗೋ. ಇದು ಬೇಡ. ತಂತಿ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಜಿಂಕ್ ಪ್ರೈಮರ್ ಹೊಡೆದು ಮೇಲೆ ಎನಾಮೆಲ್ ಬಳಿದರೆ ಖರ್ಚು ಹೆಚ್ಚೇನಿಲ್ಲ, ಬಾಳಿಕೆ ದೊಡ್ಡದು. ಒದ್ದೆ ಕಬ್ಬಿಣದ ಮೇಲೆ ಬಣ್ಣ ಬಳಿದರೆ ಮಾತ್ರ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆ. ಈ ಕೆಲಸಕ್ಕೆ ಮಾಘ, ಫಾಲ್ಗುಣದ ಒಣ ಹವೆಯೇ ಸರಿ.

ಕಣ್ಣಿಗೆ ಕಾಣುವ ತುಕ್ಕಿಗಿಂತ ದುಬಾರಿಯಾದದ್ದು ಆಯಿಲಿನೊಳಕ್ಕೆ ಸೇರುವ ನೀರು. ಇದು ಹೇಗೆ ಆಗುತ್ತದೆಂದು ತಿಳಿದರೆ ತಡೆಯುವುದು ಬಹಳ ಸುಲಭ. ಘಾಟಿ ಹತ್ತಿಳಿದು ಬಂದ ಗಾಡಿಯ ಹಿಂದಿನ ಆಕ್ಸಲ್ ಹೌಸಿಂಗ್ ಮುಟ್ಟಿ ನೋಡಿ, ಕೈ ಸುಡುವಷ್ಟು ಬಿಸಿ ಇರುತ್ತದೆ. ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ. ಆ ಗಾಡಿಯನ್ನು ಹಾಗೆಯೇ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಹೌಸಿಂಗ್ ಕ್ಷಣದಲ್ಲಿ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ಹೊರಗಿನಿಂದ ಏನನ್ನಾದರೂ ಒಳಗೆ ಎಳೆದುಕೊಳ್ಳಲೇಬೇಕು. ಗಾಳಿ ಹೋಗಿಬರಲೆಂದೇ ಹೌಸಿಂಗಿನ ಕೊಳವೆಯ ಮೇಲೆ ಒಂದು ಸಣ್ಣ ಬ್ರೀದರ್ ಇಟ್ಟಿದ್ದಾರೆ. ಕೆಸರು ಕಚ್ಚಿ ಅದು ಮುಚ್ಚಿದ್ದರೆ, ಅಥವಾ ಅದೇ ನೀರಿನಲ್ಲಿ ಮುಳುಗಿದ್ದರೆ, ಗಾಳಿಯ ಬದಲು ನೀರು ಒಳಗೆ ಹೋಗುತ್ತದೆ. ಆಯಿಲ್ ಸೀಲುಗಳ ತುಟಿ ಒಳಗಿನ ಆಯಿಲ್ ಹೊರಬರದಂತೆ ತಡೆಯಲು ಮಾಡಿದ್ದು. ಹೊರಗಿನಿಂದ ಒಳಕ್ಕೆ ಬರುವ ನೀರಿನ ಮುಂದೆ ಅದು ದುರ್ಬಲ.

ಪರಿಹಾರಕ್ಕೆ ಅರ್ಧ ಗಂಟೆ ಸಾಕು. ಬ್ರೀದರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಊದಿ ನೋಡಿ ಹಾಕಬೇಕು. ಇನ್ನೂ ಒಳ್ಳೆಯ ಉಪಾಯವೆಂದರೆ ಅದರ ಬದಲಿಗೆ ನಿಪ್ಪಲ್ ಹಾಕಿ, ಆಯಿಲ್ ತಾಗಿದರೂ ಕೆಡದ ರಬ್ಬರ್ ಪೈಪ್ ಜೋಡಿಸಿ, ಮೇಲಿನ ತುದಿಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದು ಕೆಳಮುಖವಾಗಿ ಬಾಗಿಸಿ ಕಟ್ಟುವುದು. ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ಇದೇ ಉಪಚಾರ. ಹಳ್ಳ ದಾಟುವ ಮುನ್ನ ಹತ್ತು ನಿಮಿಷ ನಿಂತರೆ ಹೌಸಿಂಗ್ ಒಂದಿಷ್ಟು ತಣಿಯುತ್ತದೆ, ಆ ಹತ್ತು ನಿಮಿಷಕ್ಕೆ ಒಂದು ಕ್ರೌನ್ ಪಿನಿಯನ್ ಸೆಟ್ಟಿನ ಬೆಲೆಯಿದೆ.

ನೀರು ಈಗಾಗಲೇ ಸೇರಿದೆಯೇ ಎಂದು ನೋಡಲು ಗಾಡಿಯನ್ನು ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಎಂಜಿನ್ ಮುಟ್ಟದೆ, ಕೆಳಗೊಂದು ಡಬ್ಬ ಇಟ್ಟು ಹೌಸಿಂಗಿನ ಡ್ರೇನ್ ಬೋಲ್ಟನ್ನು ಒಂದೆರಡು ಸುತ್ತು ಸಡಿಲಿಸಿದರೆ ಮೊದಲು ತೊಟ್ಟಿಕ್ಕುವುದು ನೀರೇ. ಗಾಡಿ ಓಡಾಡಿ ಎರಡೂ ಬೆರೆತುಹೋಗಿದ್ದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಪೂರ್ತಿ ಸುರಿದು, ಹೊಸದು ಹಾಕಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಸುರಿಯಬೇಕು. ಇನ್ನೊಂದು ಎಚ್ಚರಿಕೆ: ಡ್ರೇನ್ ಬೋಲ್ಟ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿ. ಅದು ತುಕ್ಕು ಹಿಡಿದು ಕೂತಿದ್ದರೆ ಆಯಿಲ್ ಸುರಿದು ಬರಿದಾದ ಹೌಸಿಂಗನ್ನು ತುಂಬಲು ದಾರಿಯಿರುವುದಿಲ್ಲ.

ಮುಂದಿನ ಚಕ್ರಗಳ ಹಿಂದೆ, ಸ್ಟೀರಿಂಗ್ ತಿರುಗುವಲ್ಲಿ, ಉಕ್ಕಿನ ದೊಡ್ಡ ಗುಂಡು ಇರುತ್ತದೆ. ಹಳೆಯ ಜೀಪಿನಲ್ಲೂ ಜಿಪ್ಸಿಯಲ್ಲೂ ಇದು ಹೊರಗೇ ಕಾಣುತ್ತದೆ. ಆ ಗುಂಡಿನ ಮೈ ನುಣುಪಾಗಿದ್ದಷ್ಟು ಕಾಲ ಅದರ ಮೇಲೆ ಜಾರುವ ಸೀಲು ಬಾಳುತ್ತದೆ. ತುಕ್ಕು ಹಿಡಿದು ಕುಳಿ ಬಿದ್ದರೆ ಸೀಲು ಹರಿಯುತ್ತದೆ, ನೀರು ಒಳಗಿನ ಕಿಂಗ್ ಪಿನ್ ಬೇರಿಂಗಿಗೂ ಜಾಯಿಂಟಿಗೂ ಮುಟ್ಟುತ್ತದೆ. ಮಳೆಗಾಲ ಪೂರ್ತಿ ಗುಂಡಿನ ಮೇಲೆ ಗ್ರೀಸಿನ ತೆಳುಪದರ ಇರುವಂತೆ ನೋಡಿಕೊಳ್ಳುವುದು ಮನೆಯ ಮಕ್ಕಳೂ ಮಾಡಬಹುದಾದ ಕೆಲಸ. ಚಕ್ರದ ಬೇರಿಂಗುಗಳನ್ನು ಮಾತ್ರ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಲೇಬೇಕು. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಂಚನ್ನು ಒತ್ತುತ್ತ ಹೋದರೆ ಅದು ರೋಲರುಗಳ ನಡುವೆ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತದೆ. ಹೊರಬಂದಾಗಲೇ ತುಂಬಿತು ಎಂದು ತಿಳಿಯಬೇಕು, ಮೇಲೆ ಸವರಿದ ಗ್ರೀಸ್ ಬೇರಿಂಗಿಗೆ ಸಿಗುವುದಿಲ್ಲ.

ಇಲ್ಲಿ ಗಾಡಿಯನ್ನು ಜಾಕ್ ಕೊಟ್ಟು ಎತ್ತಬೇಕಾಗುತ್ತದೆ. ಜೀವಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಬಿಡಿಸಿ ಹೇಳುತ್ತೇನೆ. ಹಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಡ್ರಮ್ಮು ಇರುತ್ತದೆ, ಬ್ರೇಕ್ ಅಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ನಾಲ್ಕೂ ಚಕ್ರ ನೆಲದ ಮೇಲಿರುವಾಗ ಇದು ಭದ್ರ. ಹಿಂದಿನ ಒಂದು ಚಕ್ರವನ್ನು ಎತ್ತಿದಿರೋ, ಕಥೆ ಬದಲಾಗುತ್ತದೆ. ಶಾಫ್ಟ್ ಅಲುಗದಿದ್ದರೂ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಒಂದು ಕಡೆಗೆ, ನೆಲದ ಮೇಲಿನ ಚಕ್ರ ಇನ್ನೊಂದು ಕಡೆಗೆ ತಿರುಗಬಲ್ಲವು. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ, ಗೇರಿನಲ್ಲಿ ಹಾಕಿದ್ದರೂ ಗಾಡಿ ಉರುಳಿ ಜಾಕಿನಿಂದ ಜಾರುತ್ತದೆ. ಶಾಫ್ಟಿನ ತುದಿಯ ಕೀಲಾದ ಕ್ರಾಸ್ ಬದಲಿಸಲು ಹಿಂದಿನ ಶಾಫ್ಟನ್ನೇ ಬಿಚ್ಚಿದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಆದ್ದರಿಂದ ನೆಲದಲ್ಲಿರುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡದೆ ಜಾಕ್ ಮುಟ್ಟಬಾರದು. ಎತ್ತಿದ ಗಾಡಿಯನ್ನು ಜಂಬಿಟ್ಟಿಗೆಯ ಮೇಲೋ ಸಿಮೆಂಟ್ ಬ್ಲಾಕಿನ ಮೇಲೋ ಇಳಿಸುವುದನ್ನು ಎಷ್ಟೋ ಅಂಗಳಗಳಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಎದೆ ನಡುಗಿದೆ. ಇವೆರಡೂ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಉಕ್ಕಿನ ಸ್ಟ್ಯಾಂಡ್ ಕೊಳ್ಳಿ, ಇಲ್ಲವೇ ಮತ್ತಿಮರದ ದಪ್ಪ ತುಂಡುಗಳನ್ನು ಅಡ್ಡಡ್ಡ ಜೋಡಿಸಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಅಡಿಗೆ ಯಾರೂ ತಲೆ ಹಾಕಬಾರದು.

ಬ್ರೇಕಿನ ವಿಷಯದಲ್ಲೂ ನೀರೇ ಖಳ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವ ವೀಲ್ ಸಿಲಿಂಡರಿನೊಳಗೆ ತುಕ್ಕು ಹಿಡಿಸುತ್ತದೆ, ಘಾಟಿ ಇಳಿಯುವಾಗ ಕಾದು ಆವಿಯಾಗಿ ಪೆಡಲನ್ನು ಮೆತ್ತಗೆ ಮಾಡುತ್ತದೆ. ಸಿಜೆ 3ಬಿಯಂಥ ಹಳೆಯ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸುವುದು, ಮಳೆಗಾಲಕ್ಕೆ ಮೊದಲು ಡ್ರಮ್ಮು ತೆಗೆದು ಸಿಲಿಂಡರಿನ ರಬ್ಬರ್ ಟೋಪಿಯ ಅಡಿಯಲ್ಲಿ ಒದ್ದೆ ಇದೆಯೇ ಎಂದು ನೋಡುವುದು, ಇಷ್ಟನ್ನು ಮನೆಯಲ್ಲಿ ಮಾಡಬಹುದು. ಸಂದೇಹ ಬಂದರೆ ನುರಿತವರ ಕೈಗೆ ಒಪ್ಪಿಸಿ.

ಡೀಸೆಲ್ ಗಾಡಿ ನಿಂತು ನಿಂತು ಸ್ಟಾರ್ಟ್ ಆಗದಿದ್ದರೆ ಮೇಸ್ತ್ರಿಗಳು ಹೇಳುವುದು ಏರ್ ಹಿಡಿದಿದೆ ಎಂದು. ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲಿಸಿ, ಕೈಪಂಪು ಒತ್ತುತ್ತ ಗುಳ್ಳೆಗಳು ನಿಲ್ಲುವತನಕ ಡೀಸೆಲ್ ಬಿಟ್ಟರೆ ಏರ್ ಹೋಗುತ್ತದೆ. ಅದು ಪದೇ ಪದೇ ಹಿಡಿಯುತ್ತಿದ್ದರೆ ಎಲ್ಲೋ ಪೈಪು ಬಿರಿದಿದೆ, ಇಲ್ಲವೇ ವಾಷರ್ ಸವೆದಿದೆ. ಪಂಪು, ನಾಜಲ್‌ಗಳನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಅಲ್ಲಿನ ಅಳತೆಗಳು ಕಣ್ಣಿಗೆ ಸಿಗುವಂಥವಲ್ಲ. ಫೋರ್ ವೀಲ್ ಕಡ್ಡಿಯನ್ನು ತಿಂಗಳಿಗೊಮ್ಮೆಯಾದರೂ ಹಾಕಿ ಕೆಸರಲ್ಲೋ ಮಣ್ಣಲ್ಲೋ ಓಡಿಸಿ, ಇಲ್ಲದಿದ್ದರೆ ಅದು ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಈ ಗಾಡಿಗಳಲ್ಲಿ ಆ ವ್ಯತ್ಯಾಸವನ್ನು ನುಂಗುವ ಡಿಫರೆನ್ಷಿಯಲ್ ನಡುವೆ ಇಲ್ಲದ ಕಾರಣ ಸೆಳೆತವೆಲ್ಲ ಕ್ರಾಸ್‌ಗಳ ಮೇಲೆ, ಗೇರುಗಳ ಮೇಲೆ ಬೀಳುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದರೂ ಇದೇ ತೊಂದರೆ.

ಇನ್ನು ಮನೆಯಾಚೆಯ ಕೆಲಸ. ಈ ವಿಷಯದಲ್ಲಿ ಶಿವಮೊಗ್ಗ, ಭದ್ರಾವತಿಯವರಷ್ಟು ಅದೃಷ್ಟ ರಾಜ್ಯದಲ್ಲಿ ಎಷ್ಟು ಊರಿನವರಿಗಿದೆಯೋ ಕಾಣೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವಾಹನದ ಕೆಲಸದವರಿದ್ದಾರೆ, ಎರಡು ಊರುಗಳ ನಡುವಿನ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ. ಭದ್ರಾವತಿಯಲ್ಲಂತೂ ಕಬ್ಬಿಣದ ಪರಿಚಯಕ್ಕೆ ನೂರು ವರ್ಷ ದಾಟಿದೆ. ವಿಶ್ವೇಶ್ವರಯ್ಯನವರ ಕನಸಾಗಿದ್ದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ಉತ್ಪಾದನೆ ಶುರುವಾದದ್ದು 1923ರಲ್ಲಿ. ಮೊದಲ ದಿನಗಳಲ್ಲಿ ಅದಿರು ಕರಗಿದ್ದು ಇದೇ ಮಲೆನಾಡಿನ ಮರಗಳನ್ನು ಸುಟ್ಟ ಇದ್ದಿಲಿನಲ್ಲಿ, ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಮುಂದೆ ಈ ಕಾರ್ಖಾನೆ ಮಿಶ್ರಲೋಹದ ಉಕ್ಕಿಗೆ, ವಾಹನದ ಬಿಡಿಭಾಗಗಳಿಗೆ ಬೇಕಾಗುವ ಬಗೆಯ ಉಕ್ಕಿಗೆ ಹೆಸರಾಯಿತು. ಅಲ್ಲಿ ತಲೆಮಾರುಗಟ್ಟಲೆ ಫಿಟ್ಟರುಗಳು, ಟರ್ನರುಗಳು ಕೈ ಪಳಗಿಸಿಕೊಂಡರು. ಆ ಕೈಗಳ ಅಳತೆಯ ಶಿಸ್ತು ಕಾರ್ಖಾನೆಯ ಗೇಟು ದಾಟಿ ಊರಿಗೂ ಬಂದಿದೆ.

ಅದರ ಬೆಲೆ ಗೊತ್ತಾಗುವುದು ಸ್ಪ್ರಿಂಗ್ ಪ್ಲೇಟನ್ನು ಹಿಡಿಯುವ, ಪೇಟೆಯಲ್ಲಿ ಸಿಗದ ಒಂದು ಶ್ಯಾಕಲ್ ಪಿನ್ನು ಮುರಿದಾಗ. ನೋಡಲು ಒಂದೇ ತರಹ ಇರುವ ಪಿನ್ನನ್ನು ಮೆದು ಕಬ್ಬಿಣದಲ್ಲೂ ಮಾಡಬಹುದು, ಗಟ್ಟಿಯಾದ ಇಎನ್ 8 ಉಕ್ಕಿನಲ್ಲೂ ಮಾಡಬಹುದು. ಮೊದಲಿನದು ಒಂದು ಮಳೆಗಾಲಕ್ಕೇ ಸವೆದು ಬಾಗುತ್ತದೆ. ತಿಳಿದ ಟರ್ನರು ಆ ಪಿನ್ನು ಎಲ್ಲಿ ಕೂರುತ್ತದೆ, ಎಷ್ಟು ಭಾರ ಹೊರುತ್ತದೆ ಎಂದು ಮೊದಲು ಕೇಳುತ್ತಾರೆ, ಆಮೇಲೆ ಲೋಹ ಆರಿಸುತ್ತಾರೆ. ನೀವೂ ಕೇಳಿ, ಬಿಲ್ಲಿನ ಮೇಲೆ ಬರೆಸಿ. ಹಳೆಯ ತುಂಡು ಎಷ್ಟೇ ಕೆಟ್ಟಿದ್ದರೂ ಎಸೆಯದೆ ಒಯ್ಯಿರಿ. ಸವೆಯದೆ ಉಳಿದ ತುದಿಯಲ್ಲಿ ಅದರ ಮೂಲ ಅಳತೆ ಇರುತ್ತದೆ. ಚಾಸಿಸ್ ವೆಲ್ಡಿಂಗನ್ನು ಮನೆಯ ಗೇಟು, ಕಿಟಕಿ ಮಾಡುವವರಲ್ಲಿ ಮಾಡಿಸಬೇಡಿ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವತನಕ ಕತ್ತರಿಸಿ ತೆಗೆದು, ಅದೇ ದಪ್ಪದ ಪ್ಲೇಟ್ ಕೂರಿಸಬೇಕು. ಕೆಲಸಕ್ಕೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸಬೇಕು.

2023ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಅದರ ಒಡೆತನ ಹೊಂದಿದ ಉಕ್ಕು ಪ್ರಾಧಿಕಾರ (ಸೈಲ್) ಪ್ರಕಟಿಸಿದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆಗ ಸುದ್ದಿಯಾದದ್ದು ಕೆಲಸಗಳ ಲೆಕ್ಕ, ಅದು ನ್ಯಾಯವೇ. ಅದರ ಜೊತೆಗೆ ನನ್ನನ್ನು ಕಾಡಿದ್ದು ಆ ಕೈಗಳ ಲೆಕ್ಕ. ಮೈಕ್ರೊಮೀಟರ್ ಹಿಡಿದು ಶಾಫ್ಟಿನ ಸವಕಳಿ ಓದುವ ಒಬ್ಬ ಟರ್ನರು ತಯಾರಾಗಲು ವರ್ಷಗಳು ಬೇಕು. ಐಟಿಐ ಮುಗಿಸಿದ ನಮ್ಮ ಹುಡುಗರು ಆ ವರ್ಷಗಳನ್ನು ಕಳೆಯಲು ಬೆಂಗಳೂರಿನ ಪೀಣ್ಯಕ್ಕೆ ಬಸ್ಸು ಹತ್ತುತ್ತಿದ್ದಾರೆ. ಹಳೆಯ ಗಾಡಿ ಇಟ್ಟುಕೊಂಡವರು ನ್ಯಾಯವಾದ ಕೂಲಿ ಕೊಟ್ಟು, ಚೌಕಾಸಿ ಬಿಟ್ಟು, ಊರಿನ ಲೇತುಗಳಿಗೆ ಕೆಲಸ ಒದಗಿಸುವುದು ಈಗ ಹಿಂದೆಂದಿಗಿಂತ ಅಗತ್ಯ.

ಕೊನೆಯದಾಗಿ ಕಾಗದಪತ್ರ. ಖಾಸಗಿ ವಾಹನದ ಆರ್‌ಸಿಗೆ 15 ವರ್ಷ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಜೀಪು, ಕಾರುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಗಿದೆ. ಪೆಟ್ರೋಲ್ ಜೀಪಿಗೆ ಹಿಂದೆಂದೋ ಡೀಸೆಲ್ ಎಂಜಿನ್ ಕೂರಿಸಿದ್ದು ಆರ್‌ಸಿಯಲ್ಲಿ ನಮೂದಾಗದಿದ್ದರೆ ತೊಡಕು ಖಂಡಿತ. ಹಳೆಯ ಗಾಡಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದನ್ನೇ. ತಪಾಸಣೆಯ ದಿನ ಇನ್‌ಸ್ಪೆಕ್ಟರು ಚಾಸಿಸ್ ದಂಡದ ಮೇಲೆ ಕೊರೆದ ನಂಬರನ್ನು ಆರ್‌ಸಿಯ ಜೊತೆ ಹೋಲಿಸಿ ನೋಡುತ್ತಾರೆ. ತುಕ್ಕು ಆ ಅಂಕಿಗಳನ್ನು ತಿಂದಿದ್ದರೆ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ನಂಬರ್ ಇರುವ ಜಾಗವನ್ನು ಗ್ರೈಂಡರಿನಿಂದಲೋ ಒರಟು ಉಜ್ಜುಕಾಗದದಿಂದಲೋ ಮುಟ್ಟಬೇಡಿ, ದಪ್ಪ ಬಣ್ಣವನ್ನೂ ಬಳಿಯಬೇಡಿ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬೆರಳಿನಿಂದ ಗ್ರೀಸ್ ಸವರಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಆ ಗ್ರೀಸ್ ಬದಲಿಸಿ.